ಅಪ್ಪನ ಎಫ್‌ಸಿ ಗಾಡಿಗೆ ಟರ್ಬೊ ಎಂಜಿನ್ ಕೂರಿಸಿದ್ದು

ಒಂಬತ್ತು ವರ್ಷ ಬೇವಿನ ಮರದ ಕೆಳಗೆ ನಿಂತಿದ್ದ ಗಾಡಿ ಅದು. ಹಿಂದಿನ ಬಾಡಿಯಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಬಾಗಿಲ ಮೇಲೆ ಅವ್ವ ಗೋಣಿಚೀಲ ಒಣಹಾಕುತ್ತಿದ್ದಳು. ಗುಜರಿಯವನು ವರ್ಷಕ್ಕೆರಡು ಸಲ ಬಂದು ರೇಟು ಕೇಳುತ್ತಿದ್ದ. ಅಪ್ಪ ಪ್ರತಿ ಸಲ ಅವನಿಗೆ ಚಹಾ ಕುಡಿಸಿ ಬರಿಗೈಯಲ್ಲಿ ಕಳಿಸುತ್ತಿದ್ದ.

ಮಹೀಂದ್ರಾ ಎಫ್‌ಸಿ-150 ಪಿಕಪ್. ಎಫ್‌ಸಿ ಅಂದರೆ ಫಾರ್ವರ್ಡ್ ಕಂಟ್ರೋಲ್. ಜೀಪಿನದೇ ಕುಲ, ಆದರೆ ಮೂತಿ ಇಲ್ಲ. ಅಮೆರಿಕದ ವಿಲ್ಲಿಸ್ ಕಂಪನಿ 1957ರ ಮಾಡೆಲ್ ಅಂತ ಬಿಟ್ಟದ್ದನ್ನು ಮುಂದೆ ಮಹೀಂದ್ರಾದವರು ನಮ್ಮಲ್ಲೇ ಮಾಡಿದರು. ಡ್ರೈವರ್ ಕೂರೋದು ಮುಂದಿನ ಚಕ್ರದ ಮೇಲೆ. ಎಂಜಿನ್ ಇರೋದು ಎರಡು ಸೀಟಿನ ನಡುವೆ, ತಗಡಿನ ಪೆಟ್ಟಿಗೆಯೊಳಗೆ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಬರೀ 81 ಇಂಚು. ಈ 81 ಇಂಚು ನೆನಪಿರಲಿ. ಆಮೇಲೆ ಜೀವ ತಿಂದದ್ದು ಅದೇ.

ಅಪ್ಪ ಇದನ್ನು ಕೊಂಡದ್ದು 1979ರಲ್ಲಿ, ಸಂಡೂರು ಕಡೆಯ ಗಣಿ ಗುತ್ತಿಗೆದಾರರೊಬ್ಬರ ಹತ್ತಿರ. ಆಗ ಅದರಲ್ಲಿದ್ದದ್ದು ಹರಿಕೇನ್ ಪೆಟ್ರೋಲ್ ಎಂಜಿನ್. ನಾಲ್ಕು ಸಿಲಿಂಡರ್, 2.2 ಲೀಟರ್, 75 ಹಾರ್ಸ್‌ಪವರ್. ಪೆಟ್ರೋಲ್ ಖರ್ಚು ತಾಳದೆ ಐದು ವರ್ಷಕ್ಕೇ ಅಪ್ಪ ಅದನ್ನು ಇಳಿಸಿ ಇಂಟರ್‌ನ್ಯಾಷನಲ್ ಡೀಸೆಲ್ ಎಂಜಿನ್ ಕೂರಿಸಿದ. ಟ್ರ್ಯಾಕ್ಟರ್ ಕುಲದ ಎಂಜಿನ್. ಆ ಕಾಲಕ್ಕೆ ಎಷ್ಟೋ ಪೆಟ್ರೋಲ್ ಜೀಪುಗಳು ಹಾಗೇ ಡೀಸೆಲ್ ಆದವು. ಆರ್‌ಸಿ ಬುಕ್ಕಿನಲ್ಲೂ ಅಪ್ಪ ಅದನ್ನು ಬರೆಸಿದ್ದಾನೆ. ಹಾಗಾಗಿ ಎಂಜಿನ್ ಬದಲಿಸೋ ಚಟ ನನಗೆ ಹೊರಗಿನಿಂದ ಬಂದದ್ದಲ್ಲ.

ಆ ಡೀಸೆಲ್ ಎಂಜಿನ್ನಿನಲ್ಲಿ ಗಾಡಿ 55 ದಾಟುತ್ತಿರಲಿಲ್ಲ. ಆದರೂ ಕುರುಗೋಡು ಕಡೆಯ ನಮ್ಮ ಹೊಲದಿಂದ ಮೆಣಸಿನಕಾಯಿ ಚೀಲ ಹೇರಿಕೊಂಡು ರಾತ್ರಿಯಿಡೀ ಗುಡುಗುಡು ಅಂತ ಓಡಿ, ಬೆಳಗಿಗೆ ಬ್ಯಾಡಗಿ ಮಾರ್ಕೆಟ್ ಮುಟ್ಟುತ್ತಿತ್ತು. ನಾನು ಚಿಕ್ಕವನಿದ್ದಾಗ ಎಂಜಿನ್ ಪೆಟ್ಟಿಗೆಯ ಮೇಲೆ ಗೋಣಿಚೀಲ ಹಾಸಿ ನನ್ನನ್ನು ಮಲಗಿಸುತ್ತಿದ್ದರು. ಡಿಸೆಂಬರ್ ಚಳಿಯಲ್ಲಿ ಅಂಥ ಹಾಸಿಗೆ ಮತ್ತೊಂದಿಲ್ಲ.

ಇದೆಲ್ಲ ಶುರುವಾದದ್ದು ಅಕ್ಕನ ಮಗ ಫೋನಿನಲ್ಲಿ ತೋರಿಸಿದ ಒಂದು ವಿಡಿಯೋದಿಂದ. ಅಮೆರಿಕದಲ್ಲಿ ಯಾರೋ ಹಳೇ ಷೆವರ್ಲೆ ಸಿ10 ಪಿಕಪ್‌ಗೆ ಎಲ್‌ಎಸ್‌ಎ ಎಂಜಿನ್ ಕೂರಿಸಿದ್ದರು. 6.2 ಲೀಟರ್ ವಿ8, ಮೇಲೊಂದು ಸೂಪರ್‌ಚಾರ್ಜರ್. 2009ರ ಕ್ಯಾಡಿಲಾಕ್ ಸಿಟಿಎಸ್-ವಿ ಕಾರಿಗೆ ಬಂದ ಎಂಜಿನ್, 556 ಹಾರ್ಸ್‌ಪವರ್. ತುಕ್ಕು ಹಿಡಿದ ಮೈ ಹಾಗೇ ಬಿಟ್ಟಿದ್ದರು. ನೋಡೋಕೆ ಸಂತೆಗೆ ಬಂದ ಗಾಡಿ, ಓಡೋದು ಮಾತ್ರ ಬೇರೆ. "ಮಾವ, ತಾತನ ಗಾಡಿಗೂ ಹಿಂಗೇ ಮಾಡಿಸೋಣ" ಅಂದ ಹುಡುಗ. ನಕ್ಕು ಸುಮ್ಮನಾದೆ. ರಾತ್ರಿ ನಿದ್ದೆ ಬರಲಿಲ್ಲ.

ಸೂಪರ್‌ಚಾರ್ಜರ್ ಅಂದರೆ ಎಂಜಿನ್ನಿನ ಕ್ರ್ಯಾಂಕಿನಿಂದಲೇ ಬೆಲ್ಟ್ ಹಾಕಿ ತಿರುಗಿಸೋ ಗಾಳಿ ಪಂಪು. ಕಾಲಿಟ್ಟ ತಕ್ಷಣ ಗಾಳಿ ಒತ್ತುತ್ತದೆ, ಆದರೆ ತಿರುಗೋಕೆ ಎಂಜಿನ್ನಿನ ಶಕ್ತಿಯನ್ನೇ ತಿನ್ನುತ್ತದೆ. ಟರ್ಬೊ ಹಾಗಲ್ಲ. ಸೈಲೆನ್ಸರ್ ಕಡೆ ಸುಮ್ನೆ ಹೊರಗೆ ಹೋಗೋ ಹೊಗೆಯಿಂದಲೇ ತಿರುಗುತ್ತದೆ. ಕೆಲಸ ಎರಡರದ್ದೂ ಒಂದೇ, ಸಿಲಿಂಡರಿಗೆ ಜಾಸ್ತಿ ಗಾಳಿ ತುಂಬೋದು. ನಮ್ಮ ಕಡೆ ಗುಜರಿಯಲ್ಲಿ ಸೂಪರ್‌ಚಾರ್ಜರ್ ಹುಡುಕಿದರೆ ಸಿಗೋದು ನಗು ಮಾತ್ರ. ಟರ್ಬೊ ಡೀಸೆಲ್ ಸಾಲು ಸಾಲು ಬಿದ್ದಿರುತ್ತವೆ.

ಬಳ್ಳಾರಿ ಬೈಪಾಸ್ ಕಡೆ ನನಗೆ ಗೊತ್ತಿದ್ದ ಒಂದು ಗ್ಯಾರೇಜ್ ಇತ್ತು. ಅಲ್ಲಿನ ಹಿರಿಯ ಮೆಕ್ಯಾನಿಕ್ಕನ್ನು ಎಲ್ಲರೂ ಕರೆಯೋದು ಉಸ್ತಾದ್ ಅಂತ. ಗಣಿ ಜೋರಿದ್ದ ಕಾಲದಲ್ಲಿ ಹಗಲು ರಾತ್ರಿ ಟಿಪ್ಪರ್ ಬಿಚ್ಚಿ ಕಟ್ಟಿದ ಕೈ. 2011ರ ಜುಲೈ 29ಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿ ನಿಲ್ಲಿಸಿದ ಮೇಲೆ ಲಾರಿಗಳು ನಿಂತವು, ಅವರ ಕೈಕೆಳಗಿದ್ದ ಎಂಟು ಹುಡುಗರಲ್ಲಿ ಆರು ಜನ ಜೀನ್ಸ್ ಹೊಲಿಯೋಕೆ ಹೋದರು. "ಆವಾಗಿನಿಂದ ನನಗೆ ಪುರುಸೊತ್ತು ಜಾಸ್ತಿ, ಅದಕ್ಕೇ ನಿನ್ನಂಥ ಹುಚ್ಚರ ಕೆಲಸ ಹಿಡೀತೀನಿ" ಅಂತ ಉಸ್ತಾದ್ ಹೇಳೋದು ಪೂರ್ತಿ ತಮಾಷೆ ಅಲ್ಲ.

ಗಾಡಿ ನೋಡೋಕೆ ಹೊಲಕ್ಕೆ ಬಂದರು. ಕೆಳಗೆ ನುಸುಳಿ ಚಾಸಿಗೆ ಸುತ್ತಿಗೆಯಿಂದ ಟಣ್ ಟಣ್ ಅಂತ ಬಡಿದು ಕಿವಿಗೊಟ್ಟರು. ಎರಡು ಕಡೆ ಡಬ್ ಅಂದಿತು. "ಇಲ್ಲಿ ಒಳಗ ತಿಂದೈತೆ. ಪ್ಲೇಟ್ ಹಾಕಿ ವೆಲ್ಡಿಂಗ್ ಮಾಡಬೇಕು. ಉಳಿದದ್ದು ಕಲ್ಲು." ಆಮೇಲೆ ಕೇಳಿದರು: "ಯಾವ ಎಂಜಿನ್ ಅಂದ್ಕೊಂಡೀಯ ತಮ್ಮಾ?"

ಸ್ಕಾರ್ಪಿಯೊ ಎಂಹಾಕ್ ಅಂದೆ, ಮಹೀಂದ್ರಾದವರದ್ದೇ ಟರ್ಬೊ ಡೀಸೆಲ್. 2179 ಸಿಸಿ, 120 ಹಾರ್ಸ್‌ಪವರ್, 290 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸೋ ಬಲ. ಹಳೇ ಹರಿಕೇನ್ ಎಂಜಿನ್ನಿನ ಟಾರ್ಕ್ 154 ಇತ್ತು. ಹತ್ತಿರತ್ತಿರ ಎರಡು ಪಟ್ಟು.

"ಹಂಗಾರೆ ಹಳೇ ಗೇರ್‌ಬಾಕ್ಸ್ ಮರತುಬಿಡು. ಮೂರು ಗೇರಿನ ಡಬ್ಬಿ, ಒಂದು ವಾರಕ್ಕ ಹಲ್ಲು ಉದುರಿಸಿ ಕೈಯಾಗ ಕೊಡ್ತೈತೆ. ಎಂಜಿನ್ ಜೊತೆಗೆ ಅದರ ಗೇರ್‌ಬಾಕ್ಸೂ ಬರಲಿ. ವೈರಿಂಗೂ ಬರಲಿ. ಕೀನೂ ಬರಲಿ."

ಕೀ ಯಾಕೆ ಅಂತ ನನಗೆ ಆಗ ಹೊಳೆಯಲಿಲ್ಲ. ಈ ಎಂಜಿನ್‌ಗಳಿಗೆ ಇಸಿಎಂ ಅಂತ ಒಂದು ಕಂಪ್ಯೂಟರ್ ಡಬ್ಬಿ ಇರುತ್ತದೆ. ತನ್ನದೇ ಕೀ ಸಿಕ್ಕಿದರೆ ಮಾತ್ರ ಅದು ಡೀಸೆಲ್ ಬಿಡುತ್ತದೆ. ಕೀ ಬಿಟ್ಟು ಬರೀ ಎಂಜಿನ್ ತಂದರೆ ಅದು ಕಬ್ಬಿಣದ ಗುಂಡು ಅಷ್ಟೇ. ಅಂತೂ ಇನ್ಶೂರೆನ್ಸಿನವರು ಟೋಟಲ್ ಲಾಸ್ ಅಂತ ಬಿಟ್ಟ 2012ರ ಗಾಡಿ ಸಿಕ್ಕಿತು. ಪಲ್ಟಿ ಹೊಡೆದು ಟಾಪ್ ಜಜ್ಜಿಹೋಗಿತ್ತು, ಎಂಜಿನ್ ಕಡೆ ಗೀರೂ ಇರಲಿಲ್ಲ. ಎಂಜಿನ್, ಗೇರ್‌ಬಾಕ್ಸ್, ಇಸಿಎಂ, ಪೂರ್ತಿ ವೈರಿಂಗ್, ಕೀ, ಆಕ್ಸಿಲರೇಟರ್ ಪೆಡಲ್, ರೇಡಿಯೇಟರ್, ಇಂಟರ್‌ಕೂಲರ್ ಎಲ್ಲ ಸೇರಿ 1,65,000 ರೂಪಾಯಿ. ಬಿಲ್ಲು, ಹಳೇ ಆರ್‌ಸಿಯ ನಕಲು, ಎಂಜಿನ್ ನಂಬರಿನ ಫೋಟೋ ಮೂರೂ ಇಸಿದುಕೊಂಡೆ. ಬಿಲ್ಲಿಲ್ಲದೆ 40 ಸಾವಿರ ಕಮ್ಮಿಗೆ ಕೊಡ್ತೀನಿ ಅಂದವನೂ ಸಿಕ್ಕಿದ್ದ. ಕಳ್ಳಮಾಲು ತಂದು ಅಪ್ಪನ ಗಾಡಿಗೆ ಹಾಕೋದಾ? ಬೇಡ ಅಂದೆ.

ಹಳೇ ಎಂಜಿನ್ ಇಳಿಸೋಕೆ ಅರ್ಧ ದಿನ ಸಾಕಾಯಿತು. ಚೈನ್ ಪುಲ್ಲಿಗೆ ತೂಗುಹಾಕಿ ಎತ್ತಿದಾಗ ಕ್ಯಾಬಿನ್ ಮುಂಭಾಗ ನಾಲ್ಕು ಬೆರಳು ಮೇಲೆದ್ದಿತು. ಅಷ್ಟು ಭಾರ. ಅಪ್ಪ ಅಲ್ಲೇ ಮಂಚದ ಮೇಲೆ ಕೂತು ನೋಡುತ್ತಿದ್ದ. ಒಂದೇ ಮಾತು ಹೇಳಿದ: "ಅದನ್ನ ಗುಜರಿಗೆ ಹಾಕಬ್ಯಾಡ್ರಿ."

ಹೊಸ ಎಂಜಿನ್ ಕೂರಿಸೋದೇನೂ ದೊಡ್ಡ ಕೆಲಸ ಅಲ್ಲ. ಜನ ಅದನ್ನೇ ದೊಡ್ಡದು ಅಂದುಕೊಳ್ಳುತ್ತಾರೆ. ಎಂಟು ಎಂಎಂ ಪ್ಲೇಟು ಕತ್ತರಿಸಿ ಫೌಂಡೇಶನ್ ಮಾಡಿ, ಸ್ಕಾರ್ಪಿಯೊದ್ದೇ ರಬ್ಬರ್ ಹಾಕಿ, ಮೂರು ದಿನದಲ್ಲಿ ಎಂಜಿನ್ ಚಾಸಿ ಮೇಲೆ ಕೂತಿತ್ತು. ಆಗ ಶುರುವಾಯಿತು 81 ಇಂಚಿನ ಆಟ.

ಎಂಜಿನ್ನೂ ಐದು ಗೇರಿನ ಡಬ್ಬಿಯೂ ಸೇರಿದರೆ ಉದ್ದ ಜಾಸ್ತಿ. ಎಫ್‌ಸಿಯಲ್ಲಿ ಡ್ರೈವರ್ ಕೂರೋದು ಎಂಜಿನ್ನಿನ ಪಕ್ಕದಲ್ಲಿ. ಹಾಗಾಗಿ ಸ್ಕಾರ್ಪಿಯೊದ ಗೇರ್ ಲಿವರ್ ಎಲ್ಲಿ ಎದ್ದು ಬಂತು ಹೇಳಿ? ಸೀಟಿನ ಹಿಂದೆ. ಕ್ಯಾಬಿನ್ನಿನ ಹಿಂದಿನ ತಗಡಿಗೆ ತಾಗುವಂತೆ. ಗೇರ್ ಹಾಕಬೇಕಾದರೆ ಬೆನ್ನು ತುರಿಸಿಕೊಳ್ಳೋ ಹಾಗೆ ಕೈ ಹಿಂದೆ ಹಾಕಬೇಕು. ಗ್ಯಾರೇಜಿನ ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಲೇತ್ ಅಂಗಡಿಯವನು ಲಿವರ್ ಕತ್ತರಿಸಿ, ಎರಡು ಕಡೆ ಬಾಲ್ ಜಾಯಿಂಟ್ ಇರೋ ರಾಡು ಮಾಡಿ, ಮುಂದೆ ಡ್ರೈವರ್ ಕೈ ಹತ್ತಿರ ಹೊಸ ಲಿವರ್ ನಿಲ್ಲಿಸಿದ. ಕೆಲಸ ಚೊಕ್ಕ. ಹಾಕಿ ನೋಡಿದರೆ ಎಲ್ಲ ಉಲ್ಟಾ. ಮುಂದಕ್ಕೆ ತಳ್ಳಿದರೆ ಸೆಕೆಂಡ್, ಹಿಂದಕ್ಕೆ ಎಳೆದರೆ ಫಸ್ಟ್. ನಡುವೆ ಒಂದು ಗೂಟದ ಮೇಲೆ ಲಿವರ್ ಆಡಿದರೆ ಮೇಲಿನ ತುದಿ ಹೋದ ಕಡೆಗೆ ಕೆಳಗಿನ ತುದಿ ಹೋಗಲ್ಲ, ಎದುರು ಕಡೆಗೆ ಹೋಗುತ್ತದೆ. ಏತದ ಲೆಕ್ಕವೇ. ಮೂರು ಜನ ದೊಡ್ಡವರಿಗೆ ಇದು ಮೊದಲೇ ಹೊಳೆಯಲಿಲ್ಲ ಅನ್ನೋದೇ ನಾಚಿಕೆ. ಒಂದು ವಾರ ಡ್ಯಾಶ್‌ಬೋರ್ಡ್ ಮೇಲೆ ಸೀಮೆಸುಣ್ಣದಲ್ಲಿ ಗೇರಿನ ನಕ್ಷೆ ಬರೆದುಕೊಂಡೆವು. ಆಮೇಲೆ ನಡುವೆ ಇನ್ನೊಂದು ಗೂಟ ಕೊಟ್ಟು ಸರಿ ಮಾಡಿಸಿದೆವು.

ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯೋ ಪ್ರೊಪೆಲರ್ ಶಾಫ್ಟಿನದು ಬೇರೆ ಗೋಳು. ಹಳೇ ಜೀಪುಗಳಲ್ಲಿ ಗೇರ್‌ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸ್ ಇರುತ್ತದೆ, ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಶಕ್ತಿ ಹಂಚೋ ಡಬ್ಬಿ. ಅದರಿಂದ ಶಾಫ್ಟ್ ಬಲಕ್ಕೆ ಸರಿದು ಹೊರಡುತ್ತದೆ, ಅದಕ್ಕೆ ಸರಿಯಾಗಿ ಹಿಂದಿನ ಚಕ್ರಗಳ ನಡುವಿನ ಹೌಸಿಂಗಿನ ಉಬ್ಬೂ ಬಲಕ್ಕೇ ಇದೆ. ನಾವು ತಂದದ್ದು ಟೂ ವೀಲ್ ಡ್ರೈವ್ ಗೇರ್‌ಬಾಕ್ಸ್. ಶಾಫ್ಟ್ ಹೊರಡೋದು ನಟ್ಟನಡುವಿನಿಂದ. ಮೇಲಾಗಿ ಜಾಗ ಕಮ್ಮಿ, ಶಾಫ್ಟ್ ಮೊಳದಷ್ಟೂ ಉಳಿಯಲಿಲ್ಲ. ಕೆಳಕ್ಕೂ ಇಳಿಯಬೇಕು, ಪಕ್ಕಕ್ಕೂ ಸರಿಯಬೇಕು. ಎಂಜಿನ್ ಫೌಂಡೇಶನ್ ಮತ್ತೆ ಬಿಚ್ಚಿ ಎರಡು ಇಂಚು ಬಲಕ್ಕೆ ಸರಿಸಿದೆವು. ಮೂರು ದಿನದ ಕೆಲಸ ನೀರು ಪಾಲು. ಫೋರ್ ವೀಲ್ ಡ್ರೈವ್ ಅಂತೂ ಹೋಯಿತು. ಇದೊಂದಕ್ಕೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಮಳೆಗಾಲದಲ್ಲಿ ನಮ್ಮ ಎರೆಮಣ್ಣಿನ ದಾರಿಯಲ್ಲಿ ಟ್ರ್ಯಾಕ್ಟರೇ ಹೂತಾಗ ಈ ಗಾಡಿ ಬಂದು ಎಳೆದದ್ದುಂಟು. ಮತ್ತೆ ಮಾಡೋದಾದರೆ ಫೋರ್ ವೀಲ್ ಗಾಡಿಯದ್ದೇ ಗೇರ್‌ಬಾಕ್ಸ್ ಹುಡುಕುತ್ತೇನೆ.

ಇನ್ನು ವೈರಿಂಗ್. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ತಪ್ಪು ನನ್ನದು.

ಉಸ್ತಾದ್ ಕಬ್ಬಿಣದ ಮನುಷ್ಯ. ವೈರು ಕಂಡರೆ ದೂರ. ಅದಕ್ಕೆ ಅಂತ ಒಬ್ಬ ಎಲೆಕ್ಟ್ರಿಷಿಯನ್ ಹುಡುಗನನ್ನು ಕರೆಸಿದರು. ಅವನು ಸ್ಕಾರ್ಪಿಯೊದ ವೈರಿಂಗನ್ನು ನೆಲದ ಮೇಲೆ ಹಾಸಿದ. ಹೆಣೆಯೋಕೆ ಇಟ್ಟ ಜಡೆ ಹಾಗೆ ಕಾಣುತ್ತಿತ್ತು. ಎಂಜಿನ್ನಿಗೆ ಬೇಕಾದದ್ದು ಉಳಿಸಿ, ಪವರ್ ವಿಂಡೋ, ಎಸಿ, ಟೇಪು ಎಲ್ಲ ಬೇರೆ ಮಾಡಿದ. ಪ್ರತಿ ವೈರಿಗೂ ಕಾಗದದ ಚೀಟಿ. ಮೂರು ದಿನ ಅವನಿಗೆ ಬೇಕಾದದ್ದು ನೆರಳು, ಒಂದು ಫ್ಯಾನು, ಹೊತ್ತಿಗೆ ಸರಿಯಾಗಿ ವಗ್ಗಾಣಿ-ಮಿರ್ಚಿ. ಅಷ್ಟರಲ್ಲಿ ನಾನು ಸುಮ್ಮನೆ ಕೂರಲಾಗದೆ ಚಾಸಿ ಉಜ್ಜಿ ಎರಡು ಕೋಟು ಕರೀ ಬಣ್ಣ ಹೊಡೆದೆ. ಫಳಫಳ ಅನ್ನುತ್ತಿತ್ತು. ಎಲ್ಲರಿಗೂ ಫೋಟೋ ಕಳಿಸಿದೆ.

ಯುಗಾದಿಗೆ ಎರಡು ದಿನ ಮುಂಚೆ ಸ್ಟಾರ್ಟ್ ಮಾಡೋಣ ಅಂತಾಯಿತು. ತೆಂಗಿನಕಾಯಿ ಒಡೆದು, ನಿಂಬೆಹಣ್ಣು ಚಕ್ರಕ್ಕಿಟ್ಟು, ಅವ್ವನ ಕೈಯಲ್ಲಿ ಕೀ ತಿರುಗಿಸಿದೆವು. ಸೆಲ್ಫ್ ಚೆನ್ನಾಗಿ ತಿರುಗಿತು. ಎಂಜಿನ್ ಹಿಡಿಯಲಿಲ್ಲ. ಮತ್ತೆ ತಿರುಗಿಸಿದರೂ ಅದೇ. ಚೆಕ್ ಎಂಜಿನ್ ಲೈಟು ಒಮ್ಮೆ ಉರಿದು ಆರಿ, ಮತ್ತೆ ಉರಿಯಿತು.

ಹನ್ನೊಂದು ದಿನ ಹೀಗೇ ಕಳೆಯಿತು. ಡೀಸೆಲ್ ಲೈನಿನಲ್ಲಿ ಏರ್ ಹಿಡಿದಿದೆ ಅಂತ ಬಿಚ್ಚಿದೆವು. ಕೀ ಹಿಡಿಯುತ್ತಿಲ್ಲ ಅಂತ ಕೀಗೆ ಸುತ್ತಿದ ಆಂಟೆನಾ ರಿಂಗು ಬದಲಿಸಿದೆವು. ಕ್ರ್ಯಾಂಕ್ ಸೆನ್ಸರ್ ಹೊಸದು ತಂದೆ. ಅದೂ ಅಲ್ಲ. ಸ್ಕ್ಯಾನರ್ ಹಾಕಿದರೆ ಒಮ್ಮೆ ಇಸಿಎಂ ಮಾತಾಡುತ್ತಿತ್ತು, ಸೆಲ್ಫ್ ಹೊಡೆದ ಕೂಡಲೇ ಮೂಕ. ದಾರಿಯಲ್ಲಿ ಹೋಗೋರೆಲ್ಲ ಒಂದೊಂದು ಸಲಹೆ ಕೊಟ್ಟರು. ಒಬ್ಬರಂತೂ ಅಮಾವಾಸ್ಯೆ ಹತ್ತಿರ ಎಂಜಿನ್ ಬದಲಿಸಬಾರದಿತ್ತು ಅಂದರು. ಹನ್ನೊಂದನೇ ದಿನ ನನಗೂ ಅದೇ ನಿಜ ಅನಿಸತೊಡಗಿತ್ತು.

ಆ ಸಂಜೆ ಎಲೆಕ್ಟ್ರಿಷಿಯನ್ ಹುಡುಗ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಇಸಿಎಮ್ಮಿನ ಅರ್ಥಿಂಗ್ ವೈರಿಗೆ ಇಟ್ಟ. "ಅಣ್ಣ, ಸೆಲ್ಫ್ ಹೊಡಿರಿ" ಅಂದ. ಹೊಡೆದೆ. ಎರಡೂ ಮೈನಸ್ಸೇ. ಮೀಟರು ಹತ್ತಿರತ್ತಿರ ಸೊನ್ನೆ ತೋರಿಸಬೇಕು. ಅದು 3.4 ವೋಲ್ಟ್ ತೋರಿಸಿತು. ಅವನು ನನ್ನ ಮುಖ ನೋಡಿದ, ಆಮೇಲೆ ಫಳಫಳ ಹೊಳೆಯೋ ಚಾಸಿ ನೋಡಿದ.

"ಬಣ್ಣ ಯಾರು ಹೊಡೆದ್ರು?"

ಬಣ್ಣದ ಮೇಲೇ ಅರ್ಥಿಂಗ್ ವೈರಿನ ಕಿವಿ ಇಟ್ಟು ಬೋಲ್ಟ್ ಬಿಗಿದಿತ್ತು. ಸೆಲ್ಫ್ ಮೋಟರಿಗೆ ಎಂಜಿನ್ನಿನಿಂದ ಬ್ಯಾಟರಿಗೆ ನೇರ ದಪ್ಪ ಕೇಬಲ್ ಇತ್ತು, ಅದಕ್ಕೇ ಅದು ಜೋರಾಗಿ ತಿರುಗುತ್ತಿತ್ತು. ಇಸಿಎಮ್ಮಿನ ಕರೆಂಟು ವಾಪಸ್ ಬರೋ ದಾರಿಯಲ್ಲಿ ನನ್ನ ಎರಡು ಕೋಟು ಬಣ್ಣ ಕೂತಿತ್ತು. ಸೆಲ್ಫ್ ಹೊಡೆದಾಗ ಬ್ಯಾಟರಿ 10ಕ್ಕೆ ಇಳಿಯುತ್ತದೆ, ಅದರಲ್ಲಿ ಮೂರು ಮೂರೂವರೆ ಇಲ್ಲೇ ಹೋದರೆ ಇಸಿಎಮ್ಮಿಗೆ ಸಿಗೋದು ಆರೇಳು ವೋಲ್ಟು. ಅದು ಕಣ್ಣು ಮುಚ್ಚುತ್ತಿತ್ತು.

ಪಾಲಿಶ್ ಕಾಗದ ತಗೊಂಡು ರೂಪಾಯಿ ಅಗಲದ ಜಾಗ ಉಜ್ಜಿದೆ. ಕರೀ ಪುಡಿ ಉದುರಿತು, ಕೆಳಗೆ ಬಿಳಿ ಕಬ್ಬಿಣ ಕಂಡಿತು. ಬೋಲ್ಟ್ ಬಿಗಿದು ಮೇಲೆ ಗ್ರೀಸು ಸವರಿದೆ. ಕೀ ತಿರುಗಿಸಿದರೆ ಎರಡನೇ ಸುತ್ತಿಗೇ ಎಂಜಿನ್ ಹಿಡಿಯಿತು. ರಾತ್ರಿ ಒಂಬತ್ತು ಗಂಟೆ. ಟ್ರ್ಯಾಕ್ಟರ್ ಸದ್ದಿಗೆ ಒಗ್ಗಿದ ಕಿವಿಗೆ ಇದು ಎಂಜಿನ್ ಅನ್ನಿಸಲೇ ಇಲ್ಲ. ಆಕ್ಸಿಲರೇಟರ್ ಒತ್ತಿದರೆ ಟರ್ಬೊ ಸಣ್ಣಗೆ ಶಿಳ್ಳೆ ಹೊಡೆಯುತ್ತಿತ್ತು. ಉಸ್ತಾದ್ ಏನೂ ಮಾತಾಡಲಿಲ್ಲ. ಮಿಕ್ಕಿದ್ದ ಕರೀ ಬಣ್ಣದ ಡಬ್ಬಿ ಎತ್ತಿ ನನ್ನ ಕೈಗೆ ಕೊಟ್ಟು, ಮನೆಗೆ ಒಯ್ಯಲು ಹೇಳಿದರು.

ಆರ್‌ಟಿಓ ವಿಷಯ ಹಲವರು ಕೇಳುತ್ತಾರೆ, ಅದನ್ನೂ ಹೇಳಿಬಿಡುತ್ತೇನೆ. ಅಪ್ಪ ಮಾಡಿಸಿದ ಕಾಲ ಬೇರೆ, ಈಗ ಬೇರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರೋ ವಿವರ ಕಂಪನಿ ಹೇಳಿದ್ದಕ್ಕಿಂತ ಬೇರೆ ಆಗೋ ಹಾಗೆ ಗಾಡಿ ಬದಲಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಬಿಗಿಯಾಗಿ ಹೇಳಿದೆ. ಸುಮ್ನೆ ರಸ್ತೆಗಿಳಿಸಿ ಏನಾದರೂ ಅಪಘಾತ ಆದರೆ ಇನ್ಶೂರೆನ್ಸಿನವರು ಕೈ ಎತ್ತುತ್ತಾರೆ. ನಮ್ಮ ಗಾಡಿಯ ಆರ್‌ಸಿ ಅವಧಿ ಬೇರೆ ಮುಗಿದಿತ್ತು. ಬುಕ್ಕಿನಲ್ಲಿ ಊರಿನ ಹೆಸರು ಇನ್ನೂ 'ಬೆಳ್ಳಾರಿ' ಅಂತ ಓದೋ ಹಳೇ ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲೇ ಇದೆ. ಬ್ರೇಕ್ ಇನ್‌ಸ್ಪೆಕ್ಟರ್ ಒಬ್ಬರನ್ನು ಕೆಲಸ ಶುರು ಮಾಡೋ ಮುಂಚೆಯೇ ಕೇಳಿದ್ದೆ. ಅವರು ಕಾಗದದ ಮೇಲಿನ ಕಣ್ಣು ತೆಗೆಯದೇ, "ಹೊಲದಾಗ ಓಡಿಸ್ಕೊಳ್ರಿ, ಪರ್ಮಿಷನ್ ಬಂದ್ರ ಆಮೇಲೆ ರಸ್ತೆ" ಅಂದರು. ಅರ್ಜಿ ಕೊಟ್ಟಿದ್ದೇನೆ. ಉತ್ತರ ಬಂದಿಲ್ಲ. ಬರೋ ತನಕ ಗಾಡಿ ಹೊಲದ ಬದು ದಾಟಲ್ಲ, ದಾಟಬೇಕಾದರೆ ಲಾರಿ ಮೇಲೆ ಹೇರಿಕೊಂಡೇ. ಇಂಥ ಕೆಲಸಕ್ಕೆ ಕೈಹಾಕೋರು ಈ ಲೆಕ್ಕ ಮೊದಲೇ ಹಾಕಿಕೊಳ್ಳಿ.

ಬ್ರೇಕು ಬಿಟ್ಟು ಮುಂದೆ ಹೋಗಬಾರದು. ಹಳೇ ಗಾಡಿಯಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಪೈಪಿನ ಬ್ರೇಕ್. ಎಲ್ಲಾದರೂ ಒಂದು ಕಡೆ ಒಡೆದರೆ ನಾಲ್ಕೂ ಚಕ್ರದ್ದು ಹೋಯಿತು. ಮುಂದಿನದಕ್ಕೂ ಹಿಂದಿನದಕ್ಕೂ ಬೇರೆ ಬೇರೆ ಲೈನ್ ಇರೋ ಮಾಸ್ಟರ್ ಸಿಲಿಂಡರ್ ಹಾಕಿಸಿದೆ, ಬೂಸ್ಟರ್ ಸೇರಿಸಿದೆ. ವ್ಯಾಕ್ಯೂಮಿನ ಬಲದಿಂದ ಪೆಡಲ್ ಹಗುರ ಮಾಡೋದು ಅದು. ಡೀಸೆಲ್ ಎಂಜಿನ್ನಿನಲ್ಲಿ ಪೆಟ್ರೋಲಿನ ಹಾಗೆ ತಾನಾಗೇ ವ್ಯಾಕ್ಯೂಮ್ ಸಿಗಲ್ಲ. ಅದೃಷ್ಟಕ್ಕೆ ಈ ಎಂಜಿನ್ನಿನ ಜೊತೆಗೇ ವ್ಯಾಕ್ಯೂಮ್ ಪಂಪ್ ಬಂದಿತ್ತು. ಹಳೇ ಡೀಸೆಲ್ ಟ್ಯಾಂಕನ್ನೂ ಎಸೆದೆ. ಒಳಗಿನ ತುಕ್ಕು ಟ್ರ್ಯಾಕ್ಟರ್ ಎಂಜಿನ್ನಿಗೆ ನಡೆಯುತ್ತಿತ್ತು. ಹೊಸ ಎಂಜಿನ್ನಿನ ಸೂಕ್ಷ್ಮ ಕಾಮನ್ ರೇಲ್ ಇಂಜೆಕ್ಟರಿಗೆ ನಡೆಯಲ್ಲ.

ಮೊದಲ ಓಡಾಟ ಗೆಳೆಯನ ಕಲ್ಲು ಕ್ವಾರಿಯಲ್ಲಿ. ಅವನದೇ ಜಾಗ, ಅವನದೇ ದಾರಿ, ಸುಮಾರು ಒಂದೂವರೆ ಕಿಲೋಮೀಟರ್, ಕೊನೆಗೆ ಒಳ್ಳೇ ಏರು. ಮೇ ತಿಂಗಳು, ನೆರಳಲ್ಲೇ 42 ಡಿಗ್ರಿ. ಬೇಕು ಅಂತಲೇ ಮಧ್ಯಾಹ್ನ ಹೋದೆವು. ಬಳ್ಳಾರಿಯಲ್ಲಿ ಓಡಬೇಕಾದ ಗಾಡಿಯನ್ನು ಬೆಳಗಿನ ತಂಪಲ್ಲಿ ಪರೀಕ್ಷೆ ಮಾಡಿ ಏನು ಬಂತು?

ಫಸ್ಟ್ ಗೇರ್ ಬೇಡವೇ ಬೇಡ. ಹಳೇ ಹೌಸಿಂಗಿನ ರೇಶಿಯೋ 5.38. ಅಂದರೆ ಚಕ್ರ ಒಂದು ಸುತ್ತು ಬರೋಕೆ ಶಾಫ್ಟ್ ಐದು ಸುತ್ತಿಗೂ ಮೇಲೆ ತಿರುಗಬೇಕು. ಅದರ ಮೇಲೆ ಸ್ಕಾರ್ಪಿಯೊದ ಫಸ್ಟ್ ಗೇರ್ ಸೇರಿದರೆ ಗಾಡಿ ಎತ್ತಿನ ಬಂಡಿಗಿಂತ ನಿಧಾನ, ಗೋಡೆ ಹತ್ತೋ ಅಷ್ಟು ಶಕ್ತಿ. ಸೆಕೆಂಡಿನಲ್ಲೇ ಎತ್ತಿದೆ. ಮೂರನೆಯದಕ್ಕೆ ಹಾಕಿ ಕಾಲಿಟ್ಟರೆ 1800 ಆರ್‌ಪಿಎಂ ಹತ್ತಿರ ಬೆನ್ನಿಗೆ ಯಾರೋ ಒದ್ದ ಹಾಗೆ. ಮುಂದೆ ಮೂತಿ ಇಲ್ಲದ ಗಾಡಿ, ನೆಲ ನೇರ ಕಾಲ ಕೆಳಗೇ ಓಡಿ ಬರುತ್ತದೆ. 50ಕ್ಕೇ 90ರ ಭಯ.

ನಾನು ಕೂಗಿಕೊಂಡದ್ದು ಖುಷಿಗಲ್ಲ. 50 ದಾಟಿದ ಕೂಡಲೇ ಗಾಡಿಯ ನೆಲವೆಲ್ಲ ಗದಗದ ನಡುಗಿತು. ಕನ್ನಡಿ ಕಾಣದಷ್ಟು. ನಿಲ್ಲಿಸಿ ಕೆಳಗೆ ನುಸುಳಿದೆವು. ಶಾಫ್ಟಿನ ಎರಡು ತುದಿಯಲ್ಲಿ ಕೀಲಿನ ಹಾಗೆ ಬಾಗೋ ಕ್ರಾಸ್‌ಗಳು ಒಂದೇ ನೇರಕ್ಕಿರಬೇಕು. ಆಗ ಒಂದು ಕ್ರಾಸ್ ಮಾಡೋ ಏರುಪೇರನ್ನು ಇನ್ನೊಂದು ಸರಿದೂಗಿಸುತ್ತದೆ. ಜೋಡಿಸುವಾಗ ಹಲ್ಲು ತಪ್ಪಿ ಒಂದು ಕ್ರಾಸ್ ಓರೆಯಾಗಿ ಕೂತಿತ್ತು. ಮೊದಲೇ ಮೊಂಡು ಶಾಫ್ಟ್, ಕೋನ ಜಾಸ್ತಿ. ಉಸ್ತಾದ್ ಅಲ್ಲೇ ಬಿಚ್ಚಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು ನೇರಕ್ಕೆ ಕೂರಿಸಿದರು. ಬಿಸಿಲಿಗೆ ಸ್ಪ್ಯಾನರ್ ಹಿಡಿಯೋಕೆ ಬಟ್ಟೆ ಸುತ್ತಿಕೊಳ್ಳಬೇಕಿತ್ತು. ನಡುಕ ಪೂರ್ತಿ ಹೋಗಲಿಲ್ಲ, ಒಂದು ಸಣ್ಣ ಗುಂಯ್ ಉಳಿದಿದೆ. ನಾನು ಅದರ ಜೊತೆ ರಾಜಿ ಆಗಿದ್ದೇನೆ.

ಎರಡನೇ ಸಲ ಒಂದು ಟನ್ ಜಲ್ಲಿ ಹೇರಿ ಏರು ಹತ್ತಿಸಿದೆವು. ಹತ್ತಿತು, ಸರಾಗವಾಗಿ ಹತ್ತಿತು. ರೇಡಿಯೇಟರ್ ಕಾವು ಮುಳ್ಳು ನಡು ದಾಟಲಿಲ್ಲ. ಎರಡು ಎಲೆಕ್ಟ್ರಿಕ್ ಫ್ಯಾನ್ ಹಾಕಿದ್ದು ಸಾರ್ಥಕ. ಆದರೆ ನನ್ನ ಎಡಗಾಲು ಬೆಂದಿತು. ಎಂಜಿನ್ ಪೆಟ್ಟಿಗೆ ಅಂದೆನಲ್ಲ, ಚಿಕ್ಕವನಿದ್ದಾಗ ಮಲಗುತ್ತಿದ್ದದ್ದು? ಈಗ ಅದರ ಮೇಲೆ ಜೋಳದ ರೊಟ್ಟಿ ಬೇಯಿಸಬಹುದು. ಟರ್ಬೊ ಕೆಂಪಗಾಗೋ ಸಾಮಾನು. ಅದನ್ನು ತಂದು ಡ್ರೈವರ್ ಮೊಣಕಾಲ ಪಕ್ಕಕ್ಕಿಟ್ಟರೆ ಇನ್ನೇನಾಗುತ್ತದೆ? ಪೆಟ್ಟಿಗೆ ಒಳಗೆ ಸೆರಾಮಿಕ್ ಉಣ್ಣೆ ಹಾಸಿ, ಅದರ ಮೇಲೆ ಅಲ್ಯೂಮಿನಿಯಂ ತಗಡು ಬಡಿದು, ನಡುವೆ ಬೆರಳಗಲ ಗಾಳಿ ಬಿಟ್ಟೆವು. ಟರ್ಬೊ ಪೈಪಿಗೆ ಶಾಖ ತಡೆಯೋ ಪಟ್ಟಿ ಸುತ್ತಿದೆವು. ಈಗ ಕೈ ಇಡಬಹುದು. ಎಷ್ಟು ಹೊತ್ತು ಅಂತ ಕೇಳಬೇಡಿ.

ಖರ್ಚು ಎಲ್ಲ ಸೇರಿ 4,12,000. ಬರೀ ಎಂಜಿನ್ನಿನ ದುಡ್ಡು ಲೆಕ್ಕ ಹಾಕಿ ಕೆಲಸಕ್ಕಿಳಿದಿದ್ದೆ. ಹೆಂಡತಿಗೆ ಮೂರು ಲಕ್ಷ ಅಂತ ಹೇಳಿದ್ದೇನೆ, ಅವಳು ಇದನ್ನು ಓದಲ್ಲ ಅನ್ನೋ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಹೊಲಕ್ಕೆ ತಂದ ಮೇಲೆ ಅಪ್ಪನನ್ನು ಹತ್ತಿಸಿದೆ. 78 ವರ್ಷ. ಹಿಡಿ ಹಿಡಿದು, ಚಕ್ರದ ಮೇಲಿನ ಮೆಟ್ಟಿಲಿಗೆ ಕಾಲಿಟ್ಟು, ನಾನು ಕೈ ಕೊಡೋ ಮುಂಚೆಯೇ ಹತ್ತಿ ಕೂತ. ಕೀ ತಿರುಗಿಸಿದ. ಎಂಜಿನ್ ಶುರುವಾದದ್ದು ಗೊತ್ತಾಗದೆ ಮತ್ತೆ ತಿರುಗಿಸೋಕೆ ಹೋದ. "ಅಪ್ಪಾ, ಚಾಲು ಐತೆ" ಅಂದೆ. ಎರಡು ಸಲ ಬಂದ್ ಬೀಳಿಸಿದ. ಮೂರನೇ ಸಲ ಗಾಡಿ ಹೊರಟಿತು. ಬದುವಿನ ಉದ್ದಕ್ಕೂ, ಸೆಕೆಂಡ್ ಗೇರಿನಲ್ಲಿ, ಹೋಗಿ ತಿರುಗಿಸಿ ಬಂದ. ಇಳಿದವನೇ ಕೇಳಿದ:

"ಹಳೇ ಎಂಜಿನ್ ಎಲ್ಲಿಟ್ಟೀರಿ?"

ಗ್ಯಾರೇಜಿನಲ್ಲೇ ಇದೆ ಅಂದೆ. ಮರುದಿನವೇ ತರಿಸಿದ. ಬಾವಿಯ ಹತ್ತಿರ ಕಾಂಕ್ರೀಟ್ ಕಟ್ಟೆ ಹಾಕಿಸಿ, ಅದನ್ನು ಅಲ್ಲಿ ಕೂರಿಸಿ, ಬೆಲ್ಟ್ ಹಾಕಿ ಪಂಪಿಗೆ ಜೋಡಿಸಿದ. ತ್ರೀ ಫೇಸ್ ಕರೆಂಟು ಕೈಕೊಟ್ಟ ದಿನ ಅದನ್ನೇ ಚಾಲು ಮಾಡುತ್ತಾನೆ. ಡೀಸೆಲ್ ಸುಮ್ನೆ ಹಾಳು ಅಂತ ನಾನು ಹೇಳಿದೆ, ಕೇಳಿಸಲಿಲ್ಲ ಅನ್ನೋ ಹಾಗೆ ಹೋದ. ಬೆಳಿಗ್ಗೆ ನಾನು ಗಾಡಿಗೆ ಗೊಬ್ಬರದ ಚೀಲ ಹೇರುತ್ತಿರುವಾಗ ಬಾವಿ ಕಡೆಯಿಂದ ಗುಡುಗುಡು ಅಂತ ಸದ್ದು ಬರುತ್ತದೆ. ಪಕ್ಕದ ಹೊಲದವರು ಈಗಲೂ ಎಫ್‌ಸಿ ಬಂತು ಅಂತ ತಲೆ ಎತ್ತಿ ನೋಡುತ್ತಾರೆ.